ಕೆಂಪು ಗೆರೆ ನಿಂತ ಜಾಗ

ಸಂಜೆ ಬೇಗ ಊಟ ಮುಗಿಸಿ ನಾವಿಬ್ಬರೂ ಟಿವಿ ಮುಂದೆ ಕೂರುತ್ತಿದ್ದೆವು. ಕೊನೆಯದಾಗಿ ನೋಡುತ್ತಿದ್ದದ್ದು ಒಂದು ಇಂಗ್ಲಿಷ್ ಧಾರಾವಾಹಿ. ಸತ್ತವರ ನೆನಪು, ಮಾತು, ಸ್ವಭಾವ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಅದರೊಳಗೇ ಕಟ್ಟಿದ ಒಂದು ಊರಿನಲ್ಲಿ ಅವರನ್ನು ಇರಿಸುತ್ತಾರೆ. ಹಾಗೆ ಸತ್ತು ಅಲ್ಲಿಗೆ ಬಂದ ಒಬ್ಬ ಹುಡುಗಿಗೂ, ಈ ಲೋಕದ ಆಫೀಸಿನಲ್ಲಿ ಕೂತು ಆ ಊರಿನವರ ದೂರು ಕೇಳುವ ಹುಡುಗನಿಗೂ ಪ್ರೀತಿ. ಪರದೆಯ ಆಚೆ ಈಚೆ ಕೂತು ಕಾಫಿ ಕುಡಿಯುತ್ತಾರೆ. ಅವಳ ಕಾಫಿ ಎಂದೂ ಬಿಸಿ ಇರುವುದಿಲ್ಲ.

"ಬಿಸಿ ಕಾಫಿ ಸಿಗದ ಊರು ಎಂಥಾ ಸ್ವರ್ಗಾರೀ?" ಎನ್ನುತ್ತಿದ್ದಳು ನನ್ನ ಹೆಂಡತಿ.

ಸತ್ತವರು ಒಂದು ವರ್ಷ ದಾರಿ ನಡೆಯುತ್ತಾರೆಂದು ನಮ್ಮವರ ನಂಬಿಕೆ. ತಿಂಗಳಿಗೊಮ್ಮೆ ಮಾಸಿಕ ಮಾಡಿ, ಬ್ರಾಹ್ಮಣರಿಗೆ ಊಟ ಹಾಕಿ, ಆ ದಾರಿಗೆ ಬುತ್ತಿ ಕೊಡುತ್ತೇವೆ. "ನಮಗೆ ವರ್ಷವಿಡೀ ನಡಿಗೆ, ಇವಳಿಗೆ ನೋಡಿ, ಲಿಫ್ಟು" ಎಂದು ಟಿವಿಯ ಹುಡುಗಿಯನ್ನು ತೋರಿಸಿ ನಕ್ಕಿದ್ದಳು. "ಕೊನೇಗೆ ಇಬ್ಬರನ್ನೂ ಸೇರಿಸ್ತಾರೋ ಇಲ್ವೋ?" ಎಂದು ದಿನವೂ ಕೇಳುವಳು, ನಾನೇ ಕತೆ ಬರೆದವನ ಹಾಗೆ.

ಒಂದು ಸಂಜೆ ಕುರ್ಚಿಯಲ್ಲೇ ನಿದ್ದೆ ಹೋದಳು. ಉಳಿದದ್ದು ನಾಳೆ ನೋಡೋಣವೆಂದು ಟಿವಿ ಆರಿಸಿದೆ. ಬೆಳಿಗ್ಗೆ ಎದೆನೋವು ಎಂದಳು. ತಾನೇ ಮೆಟ್ಟಿಲಿಳಿದು ಆಟೋ ಹತ್ತಿದಳು. ಆಸ್ಪತ್ರೆಯಿಂದ ಮರಳಿ ನಾನೊಬ್ಬನೇ ಮೆಟ್ಟಿಲು ಹತ್ತಿದೆ.

ಟಿವಿ ಹಾಕಿದರೆ ಯಾರು ನೋಡುತ್ತಿದ್ದೀರಿ ಎಂದು ಮೊದಲು ಕೇಳುತ್ತದೆ. ಅದರಲ್ಲಿ ಇರುವುದು ಎರಡೇ ಹೆಸರು, ಮಗಳದು ಮತ್ತು ಅವಳ ಅಮ್ಮನದು. ನಾನು ಹೆಂಡತಿಯ ಹೆಸರಿನಲ್ಲೇ ನೋಡಿದವನು. ಆ ಹೆಸರು ಒತ್ತಿದರೆ ಅದೇ ಕಂತಿನ ಚಿತ್ರ ಬರುತ್ತದೆ. ಎಷ್ಟು ನೋಡಿ ಬಿಟ್ಟಿದ್ದೇವೆಂದು ತೋರಿಸುವ ಕೆಂಪು ಗೆರೆ ಅದರ ಕೆಳಗೆ ಅರ್ಧದಲ್ಲಿ ನಿಂತಿದೆ. ಅವಳ ಸೀರೆಗಳನ್ನು ಕೊಟ್ಟಾಗಿತ್ತು. ಅಡುಗೆಮನೆಯ ಡಬ್ಬಗಳು ನನ್ನ ಕೈಯಲ್ಲಿ ಜಾಗ ಬದಲಿಸಿದ್ದವು. ಅವಳು ಬಿಟ್ಟ ಹಾಗೆಯೇ ಉಳಿದದ್ದು ಆ ಗೆರೆ ಒಂದೇ. ಮುಂದೆ ನೋಡಿದರೆ ಅದೂ ಸರಿದುಬಿಡುತ್ತದೆ. ಮಧ್ಯಾಹ್ನ ವೇಲಚೇರಿಯ ಈ ಫ್ಲ್ಯಾಟಿನಲ್ಲಿ ರೈಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟಿವಿ ಹಾಕುವೆ, ಗೆರೆ ನೋಡುವೆ, ಆರಿಸುವೆ.

ಮಾಸಿಕಕ್ಕೆ ಬಂದ ಮಗಳು ಇದನ್ನು ಕಂಡುಹಿಡಿದಳು. ನಾವು ಕನ್ನಡದಲ್ಲಿ ಕೇಳಿದರೂ, ಈ ತಮಿಳು ಊರಿನಲ್ಲೇ ಬೆಳೆದ ಅವಳ ಉತ್ತರ ತಮಿಳಿನಲ್ಲೇ. "ಮೀದಿಯ ಪಾರುಂಗಪ್ಪಾ. ಇಲ್ಲೇನ್ನಾ ಅಮ್ಮಾ ಪೇರ ನಾನ್ ಎಡುತ್ತುಡ್ರೇನ್." ಉಳಿದದ್ದನ್ನು ನೋಡಿ ಮುಗಿಸಬೇಕು, ಇಲ್ಲವಾದರೆ ಅಮ್ಮನ ಹೆಸರನ್ನೇ ಅವಳು ತೆಗೆದುಹಾಕುತ್ತಾಳೆ.

"ತೆಗೀಬೇಡಮ್ಮಾ" ಎಂದೆ. ಅವಳ ಕಣ್ಣೂ ತುಂಬಿತ್ತು.

ಮಾಸಿಕ ಮಾಡಿಸಿ ಊಟ ಮುಗಿಸಿದ ಆಚಾರ್ಯರು ಬಾಲ್ಕನಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಆಚಾರ್ರೇ, ವರ್ಷ ತುಂಬೋ ಮುಂಚೆ ನಗೋ ಧಾರಾವಾಹಿ ನೋಡಬಹುದೇ?" ಎಂದೆ.

"ಶಾಸ್ತ್ರ ಬರೆದೋರ ಮನೇಲಿ ಟಿವಿ ಇರ್ಲಿಲ್ಲ ರಾಯರೇ. ಇದ್ದಿದ್ರೆ ಅದಕ್ಕೂ ಒಂದು ಪ್ರಾಯಶ್ಚಿತ್ತ ಹಾಕ್ತಿದ್ರು."

ಬೆಳಿಗ್ಗೆಯಷ್ಟೇ ಅವಳ ಹೆಸರು, ಗೋತ್ರ ಹೇಳಿ ನೀರು ಬಿಟ್ಟಿದ್ದೆ. ಅದೇ ಧೈರ್ಯದಲ್ಲಿ ಕೇಳಿದೆ: "ಅವಳ ಹೆಸರಲ್ಲಿ ನಾನು ನೋಡಿದ್ರೆ ಅವಳಿಗೆ ತಲುಪುತ್ತಾ?"

ಅವರು ಅಗಿಯುವುದನ್ನು ನಿಲ್ಲಿಸಿದರು. "ಊಟ ತಲುಪತ್ತೆ. ಟಿವಿ ವಿಷಯ ನಂಗೊತ್ತಿಲ್ಲ." ಮತ್ತೆ ಅಗಿಯುತ್ತಾ, "ಅವರು ಎಲ್ಲೀ ತನಕ ನೋಡಿದ್ರು?" ಎಂದರು.

ಗೆರೆ ಇರುವ ತನಕ ಎನ್ನಲು ಹೋದವನಿಗೆ ಆ ಸಂಜೆ ನೆನಪಾಯಿತು. ಟಿವಿ ಆರಿಸಿದ್ದು ನಾನು. ಅದಕ್ಕೆ ಎಷ್ಟೋ ಹೊತ್ತು ಮುಂಚೆ ಒಂದು ಮಾತಿಗೆ ನಕ್ಕು ಪಕ್ಕಕ್ಕೆ ತಿರುಗಿದ್ದೆ; ಅವಳ ತಲೆ ಆಗಲೇ ವಾಲಿತ್ತು. ಎಬ್ಬಿಸಲು ಮನಸ್ಸಾಗದೆ ನಾನೊಬ್ಬನೇ ನೋಡುತ್ತಾ ಕೂತಿದ್ದೆ. ಇಷ್ಟು ದಿನ ನಾನು ಕಾದುಕೊಂಡಿದ್ದದ್ದು ನಾನೇ ಎಳೆದ ಗೆರೆಯನ್ನು.

ಎಲ್ಲರೂ ಹೋದ ಮೇಲೆ ಕಂತನ್ನು ಹಿಂದಕ್ಕೆ ಓಡಿಸಿದೆ. ಅವಳು ಜೋರಾಗಿ ನಕ್ಕ ಕೊನೆಯ ಜಾಗ ನೆನಪಿತ್ತು. ಸಿಗ್ನಲ್ ಹೋಗಿ ಆ ಹುಡುಗಿ ಕೇಕಿಗೆ ಬಾಯಿ ತೆರೆದವಳು ಹಾಗೇ ನಿಂತುಬಿಡುತ್ತಾಳೆ; ಹುಡುಗ ಗಾಬರಿಯಿಂದ ಪರದೆಗೆ ಉಫ್ ಉಫ್ ಎಂದು ಊದುತ್ತಾನೆ. ಅಲ್ಲಿಂದ ನೋಡತೊಡಗಿದೆ. ಮುಂದಿನ ಯಾವ ಮಾತನ್ನು ಕೇಳಿದಳು, ಯಾವುದು ನಿದ್ದೆಯಲ್ಲಿ ಹೋಯಿತು, ತಿಳಿಯಲು ದಾರಿಯಿರಲಿಲ್ಲ.

ಕಂತಿನ ಕೊನೆಯಲ್ಲಿ ಇಬ್ಬರಿಗೂ ಜಗಳ. ತನ್ನನ್ನು ಮರೆತುಬಿಡು, ಬದುಕಿರುವವಳೊಬ್ಬಳನ್ನು ಮದುವೆಯಾಗು ಎಂದು ಹುಡುಗಿ ಹೇಳುತ್ತಾಳೆ. ಹುಡುಗ ಒಪ್ಪುವುದಿಲ್ಲ. ನನ್ನ ಹೆಂಡತಿ ಯಾರ ಪಕ್ಷ ಹಿಡಿಯುತ್ತಿದ್ದಳೆಂದು ಯೋಚಿಸಿದೆ. ಹುಡುಗಿಯ ಪಕ್ಷ ಎನ್ನಿಸಿತು, ಮರುಕ್ಷಣ ಹುಡುಗನದು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮುಂದಿನ ಕಂತು ತಾನಾಗಿ ಶುರುವಾಯಿತು. ಅದರಲ್ಲಿ ಅವಳು ನೋಡಿದ್ದು ಏನೂ ಇರಲಿಲ್ಲ. ರಿಮೋಟ್ ಕೈಯಲ್ಲೇ ಇತ್ತು, ನಾನು ಆರಿಸಲಿಲ್ಲ.