ಎಡಚಕ್ಕ ಆರಿಸಿದ ಇಕ್ಕಳ

ಎಡಚಕ್ಕನಿಗೆ ಸಿಟ್ಟು ಬರುವುದು ಅಪರೂಪ. ಬಂತೆಂದರೆ ಮಾತ್ರ ಎದುರಿಗಿದ್ದವರು ಜಾಗ ಖಾಲಿ ಮಾಡುವುದೇ ಕ್ಷೇಮ. ಈ ಸಲ ಬಂದದ್ದು ಬೇರೆ ಯಾರ ಮೇಲೂ ಅಲ್ಲ, ತನ್ನದೇ ಎಡಗೈ ಹೆಬ್ಬೆರಳಿನ ಮೇಲೆ. ಹೆಬ್ಬೆರಳು ಎಲ್ಲಿಗೆ ಹೋದೀತು ಪಾಪ.

ಇಪ್ಪತ್ತೆರಡು ವರ್ಷ ಆ ಬೆರಳು ಚಕಾರ ಎತ್ತದೆ ದುಡಿದಿತ್ತು. ಲಿಫ್ಟುಗಳ ಕಂಟ್ರೋಲ್ ಪೆಟ್ಟಿಗೆ ಮಾಡುವ ಸಣ್ಣ ವರ್ಕ್‌ಶಾಪು ಅದು. ಕಿಟಕಿ ಪಕ್ಕದ ಮೂರನೇ ಮೇಜು ಅವಳದು. ಒಂದೊಂದು ಪೆಟ್ಟಿಗೆಗೆ ಅರವತ್ತು ವೈರು, ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಲಗ್ಗು, ಅಂದರೆ ವೈರನ್ನು ಸ್ಕ್ರೂಗೆ ಸಿಕ್ಕಿಸುವ ಲೋಹದ ಪುಟ್ಟ ಮೂತಿ. ತುದಿಯ ಪ್ಲಾಸ್ಟಿಕ್ ಸುಲಿಯಬೇಕು, ತಾಮ್ರದ ಎಳೆಗಳನ್ನು ಲಗ್ಗಿನ ಪುಟ್ಟ ಕೊಳವೆಗೆ ತೂರಿಸಬೇಕು, ಇಕ್ಕಳದಲ್ಲಿ ಒತ್ತಿ ಕಚ್ಚಿಸಬೇಕು. ಕೇಳೋದಕ್ಕೆ ಇಷ್ಟೇ. ಆದರೆ ಸಡಿಲವಾಗಿ ಒತ್ತಿದರೆ ಒಂದು ದಿನ ವೈರು ಕಳಚಿ, ಲಿಫ್ಟು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತು, ಒಳಗೆ ಸಿಕ್ಕಿಕೊಂಡವರು ಮಾಡಿದವರ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾರೆ. ಎಡಚಕ್ಕ ಒತ್ತಿದ ಲಗ್ಗು ಇವತ್ತಿನವರೆಗೆ ಒಂದೂ ಕಳಚಿಲ್ಲ. ಊರವರು ಹೇಳುವ ಮಾತು ಇದು ಅಂದುಕೊಳ್ಳಬೇಡಿ, ಅವಳೇ ಹೇಳೋದು, ದಿನಕ್ಕೆರಡು ಸಲ.

ಅಂಥ ಹೆಬ್ಬೆರಳಿನ ಬುಡ ಊದಿಕೊಂಡಿತು. ಇಕ್ಕಳ ಅದುಮಿದಾಗಲೆಲ್ಲ ಮೊಣಕೈವರೆಗೂ ಚಳಕ್ ಅನ್ನುತ್ತಿತ್ತು. ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಮುಚ್ಚಿಟ್ಟಳು. ಕೊನೆಗೆ ಬ್ಯಾಂಡೇಜು ಕಟ್ಟಿಕೊಂಡು ಹೋದ ದಿನ ಯಜಮಾನರ ಕಣ್ಣಿಗೆ ಬಿತ್ತು. ಅವರು ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಗಿರಾಕಿಯ ಫೋನು ಬಂದರೆ ನಿಂತುಕೊಂಡು ಮಾತಾಡುವ ಜಾತಿ.

"ಅಕ್ಕಾ, ಸೋಮವಾರದಿಂದ ನೀವು ಪ್ಯಾಕಿಂಗಿಗೆ ಹೋಗ್ಬಿಡಿ. ಸಂಬಳ ಅದೇ ಇರುತ್ತೆ" ಅಂದರು. ಅಂದು ಸುಮ್ಮನಿರಲೂ ಇಲ್ಲ, ಒಂದು ಹೊಸ ಟೇಪಿನ ಸುರುಳಿ ತಂದು ಅವಳ ಮೇಜಿನ ಮೇಲೇ ಇಟ್ಟರು.

ಪ್ಯಾಕಿಂಗ್ ಅಂದರೆ ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುವುದು. ಬೇರೆಯವರು ಒತ್ತಿದ ಲಗ್ಗಿನ ಪೆಟ್ಟಿಗೆಗೆ ತಾನು ಟೇಪು ಅಂಟಿಸುವುದೇ? ಅದಕ್ಕಿಂತ ಹೆಚ್ಚಾಗಿ ಆ "ಸಂಬಳ ಅದೇ ಇರುತ್ತೆ" ಅನ್ನುವ ಮಾತು ದಾನ ಕೊಟ್ಟ ಹಾಗೆ ಕೇಳಿಸಿ ಅವಳ ಮೈ ಉರಿಸಿತು.

"ಕೈಗೆ ಹಗುರಾಗೋ ಇಕ್ಕಳ ಬಂದಿದೆಯಂತೆ, ರ್ಯಾಚೆಟ್ ಅಂತಾರೆ. ಅದನ್ನ ಕೊಡಿಸಿ ನೋಡಿ. ಆಮೇಲೂ ಆಗ್ಲಿಲ್ಲ ಅಂದ್ರೆ ಈ ಟೇಪು ಎತ್ಕೊಂಡು ನಾನೇ ಹೋಗ್ತೀನಿ" ಅಂದಳು.

ಯಜಮಾನರು ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ ಸೂರು ನೋಡಿದ. "ಸರಿ, ನೀವೇ ಆರಿಸಿ ತನ್ನಿ. ಮಂಗಳವಾರ ಸಂಜೆಗೆ ಒಂದು ಪೆಟ್ಟಿಗೆ ಮುಗಿಸಿ, ಮೇಸ್ತ್ರಿ ಎಳೆದು ನೋಡ್ಲಿ. ಒಂದು ಲಗ್ಗು ಕೈಗೆ ಬಂದ್ರೂ ಪ್ಯಾಕಿಂಗು."

ಶನಿವಾರ ಗಂಡನನ್ನು ಹೊರಡಿಸಿಕೊಂಡು ಅಂಗಡಿಗೆ ಹೋದಳು. ಗಂಡ ದರ್ಜಿ; ಕೊರಳಲ್ಲಿ ಅಳತೆ ಟೇಪು ಇಲ್ಲದೆ ಮದುವೆ ಮನೆಗೂ ಹೋದವನಲ್ಲ. ಅವಳ ಚೀಲದಲ್ಲಿ ಒಂದು ಹಿಡಿ ನೀಲಿ ಲಗ್ಗು, ವೈರಿನ ತುಂಡುಗಳು, ಜೊತೆಗೆ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ. ತಕ್ಕಡಿ ನೋಡಿ ಅಂಗಡಿಯವನು, "ಅಮ್ಮಾ, ಇಲ್ಲಿ ತೂಕಕ್ಕೆ ಮಾರೋದಿಲ್ಲ" ಅಂದ.

"ಗೊತ್ತಪ್ಪ. ಎಲ್ಲಾನೂ ಒಂದೊಂದು ತೆಗಿ" ಅಂದಳು.

ಮೊದಲನೆಯದರ ಹಿಡಿಗಳು ಎಷ್ಟು ಅಗಲ ಬಾಯಿ ಬಿಡುತ್ತಿದ್ದವೆಂದರೆ ಅವಳ ಬೆರಳು ಆಚೆ ಹಿಡಿಯನ್ನು ಮುಟ್ಟಲೇ ಇಲ್ಲ. ಸುಲಭಕ್ಕೆ ಅಂತ ಮಾಡಿ, ಮುಟ್ಟೋದಕ್ಕೇ ಆಗದ ಹಾಗೆ ಮಾಡಿದರೆ ಏನು ಬಂತು? ಎರಡನೆಯದು ಪ್ಲಾಸ್ಟಿಕ್ ಟೋಪಿ ಇಲ್ಲದ ಬರಿ ಲಗ್ಗಿಗೆ; ಅವಳವಕ್ಕೆ ಟೋಪಿ ಇತ್ತು. ಮೂರನೆಯದು ಥಳಥಳ ಹೊಳೆಯುತ್ತಿತ್ತು. ಅದರಲ್ಲಿ ಒತ್ತಿದ ಲಗ್ಗನ್ನು ಕೊಕ್ಕೆಗೆ ಸಿಕ್ಕಿಸಿ ಗಂಡ ಎಳೆದರೆ ಒಂಬತ್ತು ಕಿಲೋಗೇ ಕಳಚಿಕೊಂಡಿತು. ಅವಳ ಲೆಕ್ಕ ಇಪ್ಪತ್ತು ಕಿಲೋ.

ನಾಲ್ಕನೆಯದು ನೋಡೋಕೆ ಅಷ್ಟಕ್ಕಷ್ಟೆ. ಮಂಕು ಹಸಿರು ಹಿಡಿ, ಗಿಡ್ಡ. ಅದನ್ನೆತ್ತಿಕೊಂಡು ಗಂಡ ಸುಮ್ಮನೆ ತನ್ನ ಅಳತೆ ಟೇಪಿನ ತುದಿಗೆ ಕಚ್ಚಿಸಿದ. ಕಟ್ ಕಟ್ ಅಂತ ಎರಡು ಹಲ್ಲು ಏರಿತು. ಕೈ ಸಡಿಲಿಸಿದ, ಬಿಡಲಿಲ್ಲ. ಜಗ್ಗಿದ, ಬಿಡಲಿಲ್ಲ.

"ಇದು ಉಡದ ಪಟ್ಟು ಹಿಡಿದಿದೆ ಕಣೇ" ಅಂದ, ಕೊರಳಿಂದ ಇಕ್ಕಳ ನೇತಾಡಿಸಿಕೊಂಡು.

ಅಂಗಡಿಯವನು ನಗು ತಡೆದುಕೊಂಡು ಪುಟ್ಟ ಲಿವರೊಂದನ್ನು ಒತ್ತಿ ಬಿಡಿಸಿಕೊಟ್ಟ. "ಪೂರ್ತಿ ಅದುಮೋವರೆಗೂ ಬಾಯಿ ತೆರೆಯಲ್ಲ ಸ್ವಾಮಿ. ಅರ್ಧಂಬರ್ಧ ಕೆಲಸ ಇದಕ್ಕಾಗಲ್ಲ. ಒಂದೇ ಸಲ ಜೋರು ಹಾಕೋದೂ ಬೇಡ, ಎರಡು ಮೂರು ಸಲ ಅದುಮಿದ್ರೆ ಸಾಕು, ಹಿಡಿದಷ್ಟು ಹಿಡಿದಿಟ್ಟಿರುತ್ತೆ."

"ನಿನ್ನ ಒಡಹುಟ್ಟು ಇದು" ಅಂದ ಗಂಡ.

"ಮನೆಗೆ ನಡೀರಿ, ಹೇಳ್ತೀನಿ."

ಎಡ ಹೆಬ್ಬೆರಳಿಗೆ ಬ್ಯಾಂಡೇಜು ಇದ್ದದ್ದರಿಂದ ಎಲ್ಲವನ್ನೂ ಬಲಗೈಯಲ್ಲೇ ಒತ್ತಿ ನೋಡುತ್ತಿದ್ದಳು. ಹಸಿರು ಹಿಡಿಯದರಲ್ಲಿ ಐದು ಲಗ್ಗು ಒತ್ತಿದಳು. ಐದೂ ಇಪ್ಪತ್ತು ದಾಟಿದವು. ಇನ್ನೇನು ಬೇಕು, ತೆಗೆದುಕೊಂಡು ಬಂದರು.

ಸೋಮವಾರದ ಹೊತ್ತಿಗೆ ಊತ ಇಳಿದಿತ್ತು. ಬ್ಯಾಂಡೇಜು ಬಿಚ್ಚಿ ಕೂತಳು, ಇಕ್ಕಳ ತಾನಾಗಿ ಎಡಗೈಗೆ ಬಂತು. ಶಾಲೆಯಲ್ಲಿ ಮೇಷ್ಟರು ಮೂರು ವರ್ಷ ಬಳಪವನ್ನು ಬಲಗೈಗೆ ದಾಟಿಸಿ ದಾಟಿಸಿ ಸೋತಿದ್ದ ಕೈ ಅದು, ಬ್ಯಾಂಡೇಜಿಗೆ ಹೆದರೀತೇ? ಕಟ್ ಕಟ್ ಕಟಕ್. ನೋವೇ ಇಲ್ಲ. ಊಟದ ಹೊತ್ತಿಗೆ ನಲವತ್ತನಾಲ್ಕು ಲಗ್ಗು ಮುಗಿಸಿ, ಪಕ್ಕದ ಮೇಜಿಗೂ ಕೇಳುವ ಹಾಗೆ ಗುನುಗುತ್ತಿದ್ದಳು.

ಮೇಸ್ತ್ರಿ ಆ ಕಡೆ ಬಂದವನು ತಮಾಷೆಗೆ ಒಂದು ವೈರು ಹಿಡಿದು ಜಗ್ಗಿದ. ಲಗ್ಗು ಅವನ ಕೈಗೇ ಬಂತು.

ಇಬ್ಬರೂ ಅದನ್ನೇ ನೋಡಿದರು. ಎಡಚಕ್ಕ ತಾನೇ ಇನ್ನೊಂದನ್ನು ಜಗ್ಗಿದಳು. ಅದೂ ಬಂತು. ಇಪ್ಪತ್ತೆರಡು ವರ್ಷದ ಮಾತು ಎರಡು ಎಳೆತಕ್ಕೆ ಮಣ್ಣುಪಾಲು. ಮೂರನೆಯದನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಮೇಸ್ತ್ರಿ ಲಗ್ಗನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನಾನು ಏನೂ ನೋಡಿಲ್ಲ ಅಕ್ಕಾ. ನಾಳೆ ಸಂಜೆ ತಾನೇ ನಾನು ನೋಡ್ಬೇಕಾದ್ದು" ಅಂದು ಹೊರಟುಹೋದ. ಅವನ ಆ ಒಳ್ಳೆಯತನಕ್ಕೇ ಅವಳಿಗೆ ಅಳು ಬಂದುಬಿಟ್ಟಿತು.

ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ಬೇಗ ಮನೆಗೆ ಬಂದಳು. ಗಂಡ ದೊಡ್ಡ ಮೇಜಿನ ಮೇಲೆ ಪ್ಯಾಂಟಿನ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದ. ಎದುರಿಗೆ ಕೂತು ನಡೆದದ್ದೆಲ್ಲ ಹೇಳಿದಳು. ಅಂಗಡಿಯಲ್ಲಿ ಗಟ್ಟಿ ನಿಂತದ್ದು ಮೇಜಿನ ಮೇಲೆ ಯಾಕೆ ಕಳಚಬೇಕು? ಅದೇ ಲಗ್ಗು, ಅದೇ ವೈರು, ಅದೇ ಇಕ್ಕಳ. ಹೇಳುತ್ತ ಹೇಳುತ್ತ, ಕೈ ಸುಮ್ಮನಿರಬೇಕಲ್ಲ, ಅಲ್ಲೇ ಬಿದ್ದಿದ್ದ ಚಿಂದಿಯೊಂದನ್ನು ಗಂಡನ ದೊಡ್ಡ ಕತ್ತರಿಯಲ್ಲಿ ಕತ್ತರಿಸಲು ಹೊರಟಳು.

"ಏಯ್, ಕತ್ತರಿ ಮುಟ್ಬೇಡ" ಅಂದ ಗಂಡ. ಮದುವೆಯಾದಾಗಿನಿಂದ ಅವನು ಹೇಳುತ್ತ ಬಂದದ್ದೇ. "ನಿನ್ನ ಕೈಗೆ ಸಿಕ್ಕಿದ್ರೆ ಅದು ಕತ್ತರಿಸಲ್ಲ, ಅಗಿಯುತ್ತೆ."

ಚಿಂದಿ ನಿಜವಾಗಿ ಅಲಗುಗಳ ನಡುವೆ ಮಡಿಸಿಕೊಂಡು ನಜ್ಜಾಗಿತ್ತು. ಅವಳು ಕತ್ತರಿಯನ್ನು ಬಲಗೈಗೆ ಬದಲಿಸಿದಳು. ಚರಕ್ಕನೆ ಕತ್ತರಿಸಿತು. ಮತ್ತೆ ಎಡಗೈ, ಅಗಿಯಿತು. ಬಲಗೈ, ಕತ್ತರಿಸಿತು.

"ಬಟ್ಟೆ ಮುಗಿಯೋವರೆಗೂ ಹೀಗೇ ಆಡ್ತೀಯಾ?"

ಅವಳು ಚೀಲದಿಂದ ಇಕ್ಕಳ ತೆಗೆದು ಬಾಯಿ ಅಗಲಿಸಿ ಬೆಳಕಿಗೆ ಹಿಡಿದಳು. ಒಳಗಿನ ಅಚ್ಚಿನಲ್ಲಿ ಕೆಂಪು, ನೀಲಿ, ಹಳದಿ ಮೂರು ಅಳತೆಯ ಲಗ್ಗಿಗೆ ಮೂರು ಕುಳಿ; ಪ್ರತಿಯೊಂದೂ ಒಂದು ಮಗ್ಗುಲಲ್ಲಿ ಬಿಗಿ, ಇನ್ನೊಂದು ಮಗ್ಗುಲಲ್ಲಿ ಒಂದು ಕೂದಲೆಳೆ ಅಗಲ. ಬಿಗಿಯದು ತಾಮ್ರವನ್ನು ಕಚ್ಚೋದಕ್ಕೆ, ಅಗಲದ್ದು ಪ್ಲಾಸ್ಟಿಕ್ ಹಿಡಿಯೋದಕ್ಕೆ. ಹಳೆ ಇಕ್ಕಳಕ್ಕೆ ಹಿಂದು ಮುಂದು ಇರಲಿಲ್ಲ, ಇದಕ್ಕಿದೆ. ಬಲಗೈಯಲ್ಲಿ ಹಿಡಿದರೆ ಲಗ್ಗು ಸರಿಯಾಗಿ ಕೂರುತ್ತದೆ. ಎಡಗೈಗೆ ಬಂದ ಕೂಡಲೇ ಇಕ್ಕಳ ಮಗ್ಗುಲು ಬದಲಿಸುತ್ತದೆ. ತಾಮ್ರದ ಜಾಗಕ್ಕೆ ಅಗಲದ ಕಡೆ ಬಂದು ಸುಮ್ಮನೆ ಸವರಿಬಿಡುತ್ತದೆ.

"ರೀ, ನಿಮ್ಮ ಮಿಷನ್ನಿನ ಸ್ಕ್ರೂಡ್ರೈವರ್ ಕೊಡಿ."

ಅಚ್ಚಿಗೆ ಎರಡೇ ಸ್ಕ್ರೂ. ಬಿಚ್ಚಿ, ಎರಡೂ ತುಂಡುಗಳನ್ನು ಹಿಂದುಮುಂದು ತಿರುಗಿಸಿ ಕೂರಿಸಿದಳು. ಕೆಂಪು ಲಗ್ಗಿನ ಜಾಗಕ್ಕೆ ಹಳದಿ ಬಂತು, ಹಳದಿಯ ಜಾಗಕ್ಕೆ ಕೆಂಪು. ನಡುವಿನ ನೀಲಿ ನಡುವೆಯೇ ಉಳಿಯಿತು. ಎಡಗೈಯಲ್ಲಿ ಒಂದು ಲಗ್ಗು ಒತ್ತಿ ತಕ್ಕಡಿಗೆ ಸಿಕ್ಕಿಸಿದಳು. ಗಂಡ ಗೋಡೆಗೆ ಕಾಲು ಕೊಟ್ಟು ಎಳೆದ. ಇಪ್ಪತ್ತು. ಇಪ್ಪತ್ತೆರಡು. ತಕ್ಕಡಿಯೇ ಕಿರುಗುಟ್ಟಿತೇ ಹೊರತು ಲಗ್ಗು ಮಿಸುಕಲಿಲ್ಲ. ಎಡಚಕ್ಕ ನಗುತ್ತ ಚಿಂದಿಗಳ ರಾಶಿಯ ಮೇಲೆ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಸಿಕ್ಕ ಸಿಕ್ಕ ಸಾಮಾನಿಗೆಲ್ಲ ತನ್ನ ಕೈಯನ್ನೇ ಒಗ್ಗಿಸಿಕೊಂಡು ಬಂದಿದ್ದಳು. ಒಂದು ಸಾಮಾನು ತಿರುಗಿ ತನ್ನ ಕೈಗೆ ಒಗ್ಗಿದ್ದು ಇದೇ ಮೊದಲು, ಅದಕ್ಕೇ ಅಷ್ಟು ಖುಷಿ.

ಮಂಗಳವಾರ ಬೆಳಿಗ್ಗೆ ಹಿಂದಿನ ದಿನದ ನಲವತ್ತನಾಲ್ಕನ್ನೂ ಕತ್ತರಿಸಿ ಬಿಸಾಡಿ ಮೊದಲಿಂದ ಶುರುಮಾಡಿದಳು. ಸಂಜೆ ಮೇಸ್ತ್ರಿ ಒಂದೊಂದಾಗಿ ನೂರಿಪ್ಪತ್ತನ್ನೂ ಎಳೆದ. ಯಜಮಾನರು ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದರು. ಒಂದೂ ಬರಲಿಲ್ಲ.

ಅವರ ಮುಖ ಅರಳಿತು. ಅಷ್ಟಕ್ಕೇ ನಿಂತಿದ್ದರೆ ಯಜಮಾನರೇ ಅಲ್ಲ. "ಇಕ್ಕಳ ಇಷ್ಟು ಚೆನ್ನಾಗಿರೋದಾದ್ರೆ ಈ ಮೇಜಿಗೆ ಯಾರು ಕೂತರೂ ನಡೆಯುತ್ತಲ್ಲ? ಅಕ್ಕನಿಗೂ ಆರಾಮು. ಮೇಸ್ತ್ರಿ, ನೀವೊಂದು ಒತ್ತಿ ನೋಡಿ" ಅಂದರು.

ಎಡಚಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಇಕ್ಕಳವನ್ನು ಮೇಸ್ತ್ರಿಯತ್ತ ಸರಿಸಿದಳು. ತಾನೇ ಆರಿಸಿ ತಂದ ಇಕ್ಕಳ ತನ್ನನ್ನೇ ಎಬ್ಬಿಸುವುದೇ?

ಮೇಸ್ತ್ರಿ ಬಲಗೈಯಲ್ಲಿ ಕಟಕ್ ಅನ್ನಿಸಿ ಎಳೆದ. ಕಳಚಿತು. ಇನ್ನೊಂದು ಒತ್ತಿದ. ಅದೂ ಕಳಚಿತು. ಮೂರನೆಯದಕ್ಕೆ ಎರಡೂ ಕೈ ಹಾಕಿದ, ಆಗಲೂ ಕಳಚಿತು.

"ಕೈಗುಣ ಸಾರ್" ಅಂದ ಮೇಸ್ತ್ರಿ, ಬೆವರೊರೆಸಿಕೊಂಡು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಅವಳ ಬಾಯಿಗೆ ಬರುವುದಿಲ್ಲ. ಕತ್ತರಿಯಿಂದ ಹಿಡಿದು ಸ್ಕ್ರೂವರೆಗೂ ಎಲ್ಲ ಹೇಳಿದಳು. "ಬೇಕಾದ್ರೆ ತಿರುಗಿಸಿಕೊಡ್ತೀನಿ, ಎರಡೇ ನಿಮಿಷ" ಅಂದಳು. ಅನ್ನುವಾಗ ದನಿ ಸ್ವಲ್ಪ ಸಣ್ಣದಾಯಿತು.

ಯಜಮಾನರು ಕಳಚಿದ ಮೂರು ಲಗ್ಗು ನೋಡಿದರು, ಅಲುಗಾಡದ ನೂರಿಪ್ಪತ್ತು ನೋಡಿದರು. "ಇಕ್ಕಳ ಯಾಕೆ ಕಚ್ಚಲ್ಲ ಅಂತ ಕಂಡುಹಿಡಿಯೋಕೆ ಇನ್ನೊಬ್ಬರನ್ನ ನಾನು ಎಲ್ಲಿಂದ ತರಲಿ? ತಿರುಗಿಸಬೇಡಿ ಅಕ್ಕಾ. ಇದು ನಿಮ್ಮದು, ಮೇಜೂ ನಿಮ್ಮದೇ. ಮಿಕ್ಕವರಿಗೆ ಬೇರೆ ತರೋಣ, ಆರಿಸೋಕೆ ನೀವೇ ಹೋಗಿ."

ಎಡಚಕ್ಕ ಮೇಜಿನ ಮೂಲೆಯಲ್ಲಿ ಹೋದ ವಾರದಿಂದ ಕೂತಿದ್ದ ಟೇಪಿನ ಸುರುಳಿಯನ್ನು ಎತ್ತಿಕೊಂಡಳು. ಒಂದು ಗೇಣು ಹರಿದು ಹಸಿರು ಹಿಡಿಗೆ ಸುತ್ತಿದಳು, ಪೆನ್ನಿನಲ್ಲಿ ಅದರ ಮೇಲೆ 'ಎಡಗೈ' ಅಂತ ಬರೆದಳು. ಉಳಿದ ಸುರುಳಿಯನ್ನು ಮೇಸ್ತ್ರಿಯ ಕೈಗಿಟ್ಟಳು.

"ಇದನ್ನ ಪ್ಯಾಕಿಂಗಿಗೆ ತಲುಪಿಸಿಬಿಡಪ್ಪ" ಅಂದು, ಮುಂದಿನ ಪೆಟ್ಟಿಗೆಯನ್ನು ಹತ್ತಿರಕ್ಕೆಳೆದುಕೊಂಡಳು.