ಸ್ಪ್ಯಾನಿಷ್ ತರಗತಿಯಲ್ಲಿ ಕನ್ನಡದ ‘ಲಿ’

ತರಗತಿಯೊಂದು ನಡೆಯಬೇಕಾದರೆ ಮೊದಲು ಬೇಕಾದದ್ದು ತಲೆಗಳು. ಆ ತಲೆಗಳೊಳಗೆ ಏನಿದೆ ಎನ್ನುವುದು ಆಮೇಲಿನ ವಿಚಾರ. ಇಲ್ಲವಾದರೆ, ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದ ಹಾವೇರಿ ಕಡೆಯ ನಾನು, ಕನ್ನಡಕದ ನಂಬರು ಏರುತ್ತಿದ್ದ ವಯಸ್ಸಿನಲ್ಲಿ, ಸ್ವಂತ ಮಗಳ ಪಕ್ಕದ ಬೆಂಚಿನಲ್ಲಿ ಸ್ಪ್ಯಾನಿಷ್ ಭಾಷೆಯ ಎರಡನೆಯ ಹಂತ ಕಲಿಯಲು ಕೂರುವ ಪ್ರಸಂಗವೇ ಬರುತ್ತಿರಲಿಲ್ಲ.

ಹೊಸ ಶತಮಾನ ಶುರುವಾದ ಹುರುಪಿನಲ್ಲಿ ನಮ್ಮ ಕಾಲೇಜು ಸಂಜೆಯ ಹೊತ್ತು ವಿದೇಶಿ ಭಾಷೆಗಳನ್ನು ಕಲಿಸತೊಡಗಿತ್ತು. ಬಂದರಿನ ಹಡಗು ಕಂಪನಿಯಲ್ಲಿ ಕೆಲಸ ಹಿಡಿಯುವ ಆಸೆಯಿದ್ದ ಮಗಳು ಅಪೂರ್ವ ಮೊದಲ ಹಂತವನ್ನು ಮುಗಿಸಿದ್ದಳು. ಎರಡನೆಯದಕ್ಕೆ ಒಂದು ತಲೆ ಕಡಿಮೆ ಬಿತ್ತು. ಸ್ಪ್ಯಾನಿಷ್ ಕಲಿಸುವ ಸುಭದ್ರಾ ಮೇಡಂ ಸ್ಟಾಫ್ ರೂಮಿಗೇ ಬಂದು ತೆಲುಗಿನಲ್ಲಿ ಅಂಗಲಾಚಿದರು: “ನೀವು ಸುಮ್ಮನೆ ಬಂದು ಕೂತರೆ ಸಾಕಂಡಿ.” ಸುಮ್ಮನೆ ಕೂರುವ ವಿದ್ಯೆಯೊಂದನ್ನು ಬಿಟ್ಟು ಬೇರೆಲ್ಲವನ್ನೂ ಕಲಿಯಬಲ್ಲೆ ಎಂಬ ಅಹಂಕಾರ ನನ್ನದು. ಒಪ್ಪಿಕೊಂಡೆ.

ಒಳಗಿನ ಕಾರಣ ಬೇರೆಯೇ ಇತ್ತು. ವೈಜಾಗ್ ಎಂದೂ ಕರೆಯುವ ಈ ಊರಿನ ಎಂವಿಪಿ ಕಾಲೋನಿಯಲ್ಲಿ ಹುಟ್ಟಿ ಬೆಳೆದ ಅಪೂರ್ವಳ ನಾಲಿಗೆ ಪೂರ್ತಿ ತೆಲುಗಿನದು. ಚಿಕ್ಕವಳಿದ್ದಾಗ ಒಮ್ಮೆ ಹಾವೇರಿಯಲ್ಲಿ ನನ್ನ ಅವ್ವನ ಮುಂದೆ ತಟ್ಟೆ ಹಿಡಿದು “ಅನ್ನಂ ಪೆಟ್ಟು” ಎಂದಾಗ, ಬಡಿಸು ಎಂಬುದಕ್ಕೆ ತೆಲುಗಿನಲ್ಲಿ ಹಾಗೆನ್ನುತ್ತಾರೆಂದು ತಿಳಿಯದ ಅವ್ವ, ಅನ್ನದ ಜೊತೆ ಪೆಟ್ಟನ್ನೂ ಕೇಳುವ ಮೊಮ್ಮಗಳನ್ನು ಕಂಡು ಗಾಬರಿಯಾಗಿದ್ದಳು. ದೊಡ್ಡವಳಾದ ಮೇಲೆ, ತಪ್ಪಾದೀತೆಂಬ ನಾಚಿಕೆಗೆ, ಫೋನಿನಲ್ಲಿ ಅಜ್ಜಿಗೆ “ಹೂಂ”, “ಊಹೂಂ” ಎಂಬ ಎರಡೇ ಪದ ಉಳಿದವು. ಇಬ್ಬರೂ ಸಮಸಮವಾಗಿ ತಪ್ಪು ಮಾಡುವ ಭಾಷೆಯೊಂದು ತಾಯಿಮಕ್ಕಳ ನಡುವೆ ಇದ್ದರೆ ಚೆನ್ನಾಗಿರುತ್ತದೆಂದು ನನಗನ್ನಿಸಿದ್ದರಲ್ಲಿ ತಪ್ಪೇನು, ನೀವೇ ಹೇಳಿ.

ಆದರೆ ಸಮಸಮ ಎಲ್ಲಿಂದ ಬಂತು! ಮೊದಲ ಹಂತವನ್ನು ಹಾರಿ ಬಂದ ನನಗೆ ಅವಳೇ ಗುರು. ಸ್ತ್ರೀಲಿಂಗದ ಮೇಜಿಗೆ ಪುಲ್ಲಿಂಗ ಹಚ್ಚಿದರೆ “ಅಯ್ಯೋ ಅಮ್ಮಾ” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಮೇಜು ಗಂಡೋ ಹೆಣ್ಣೋ ಎಂಬುದು ಭೌತಶಾಸ್ತ್ರಕ್ಕೆ ಅಪ್ರಸ್ತುತವೆಂಬ ನನ್ನ ವಾದ ಅಲ್ಲಿ ನಡೆಯಲಿಲ್ಲ.

ಹೀಗಿರುವಾಗ ‘ಸಬ್‌ಜಂಕ್ಟಿವ್’ ಎಂಬ ವಿಪತ್ತು ಬಂತು. ಆದದ್ದನ್ನಲ್ಲ, ಆಗಲೆಂದು ಬಯಸಿದ್ದನ್ನು ಹೇಳುವಾಗ ಸ್ಪ್ಯಾನಿಷ್ ಕ್ರಿಯಾಪದ ವೇಷ ಬದಲಿಸುತ್ತದೆ. ‘ವಿಯೆನೆ’ ಎಂದರೆ ಬರುತ್ತಾಳೆ. ಬಯಸಿದ ಕೂಡಲೇ ಅದು ‘ವೆಂಗಾ’. ಸುಭದ್ರಾ ಮೇಡಂ ಇಂಗ್ಲಿಷಿನಲ್ಲಿ ವಿವರಿಸಿದರು, ತೆಲುಗಿನಲ್ಲಿ ವಿವರಿಸಿದರು, ಕೊನೆಗೆ ಸೀಮೆಸುಣ್ಣವನ್ನೇ ಕೆಳಗಿಟ್ಟರು. ಮನೆಗೆ ಬಂದು ಅಪೂರ್ವ ಅಳುವಷ್ಟಾದಾಗ ನನಗೆ ಹೊಳೆಯಿತು.

“ಇದು ನಮ್ಮ ‘ಲಿ’ ಕಣೇ! ವೆಂಗಾ ಅಂದರೆ ಬರಲಿ, ಕೋಮಾ ಅಂದರೆ ಉಣ್ಣಲಿ, ದುಯೆರ್ಮಾ ಅಂದರೆ ಮಲಗಲಿ.”

ಅವಳು ಪೆನ್ನು ಕಚ್ಚಿಕೊಂಡು ಕೇಳಿದಳು: “ಇನ್ನೂ ಹೇಳು.”

ಹುಟ್ಟಿದಾಗಿನಿಂದ ಮಗಳು ಕನ್ನಡದಲ್ಲಿ ನನಗೆ “ಇನ್ನೂ ಹೇಳು” ಎಂದಿರಲಿಲ್ಲ. ಹೇಳಿದೆ, ದೋಸೆ ಕಾವಲಿ ಹೊಗೆಯಾಡುವವರೆಗೂ ಹೇಳಿದೆ. ಹೇಳುತ್ತ ಹೋದಂತೆ, ತರಗತಿಯಲ್ಲಿ ‘ಇದೆ’, ‘ಆಗುತ್ತದೆ’ ಎಂದು ಖಚಿತವಾಗಿ ಮಾತಾಡುವ ನಾನು ಮನೆಯಲ್ಲಿ ಬದುಕುವುದೆಲ್ಲ ಈ ಒಂದಕ್ಷರದ ಆಸರೆಯಲ್ಲೇ ಎಂಬುದು ತಿಳಿದು, ಕೊಂಚ ನಗುವೂ ಬಂತು.

ಮೌಖಿಕ ಪರೀಕ್ಷೆ ವಿಜಯವಾಡದಲ್ಲಿ, ಪಟಮಟದ ಶಾಲೆಯೊಂದರಲ್ಲಿ. ಇಬ್ಬಿಬ್ಬರನ್ನು ಒಟ್ಟಿಗೆ ಕೂರಿಸುತ್ತಿದ್ದ ಪರೀಕ್ಷಕಿ ನನ್ನತ್ತ ತಿರುಗಿ, ಮಗಳ ವಿಷಯದಲ್ಲಿ ನಿಮ್ಮ ಬಯಕೆಯೇನು ಎಂದು ಸ್ಪ್ಯಾನಿಷಿನಲ್ಲಿ ಕೇಳಿದರು. ಇಂಥ ಪ್ರಶ್ನೆಯನ್ನು ತಾಯಂದಿರಿಗೆ ಕೇಳಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸುಖವಾಗಿರಲಿ ಎಂದು ಶುರುಮಾಡಿದವಳು ಹೊತ್ತಿಗೆ ಸರಿಯಾಗಿ ಉಣ್ಣಲಿ, ಬೇಗ ಏಳಲಿ, ಕೂದಲಿಗೆ ಎಣ್ಣೆ ಹಚ್ಚಲಿ, ಸ್ಕೂಟಿ ನಿಧಾನವಾಗಿ ಓಡಿಸಲಿ, ಅಜ್ಜಿಯೊಡನೆ ಮಾತಾಡಲಿ ಎಂದು ಹೋಗುತ್ತಲೇ ಇದ್ದೆ. ಪರೀಕ್ಷಕಿ ಕೈಯೆತ್ತಿ ತಡೆಯಬೇಕಾಯಿತು. ಅದೇ ಪ್ರಶ್ನೆಯನ್ನು ಅಪೂರ್ವಳಿಗೆ ತಿರುಗಿಸಿದರು. ಅವಳು ಒಂದೇ ವಾಕ್ಯದಲ್ಲಿ, ಒಂದೂ ತಪ್ಪಿಲ್ಲದೆ ಹೇಳಿದಳು: ನನ್ನ ಅಮ್ಮ ಕಡಿಮೆ ಮಾತಾಡಲಿ. ಪರೀಕ್ಷಕಿ ಬಿದ್ದು ಬಿದ್ದು ನಕ್ಕರು. ಅವಳಿಗೆ ಒಳ್ಳೆಯ ಅಂಕ ಬಂತು. ನಾನು ಹೇಗೋ ದಾಟಿಕೊಂಡೆ.

ಮರಳುವಾಗ ಸ್ಟೇಷನ್ನಿನಲ್ಲಿ ಅವ್ವನ ಫೋನು ಬಂತು. ನನ್ನ ಎರಡೂ ಕೈಯಲ್ಲಿ ಊಟದ ಪೊಟ್ಟಣಗಳಿದ್ದುದರಿಂದ ಅಪೂರ್ವಳೇ ಎತ್ತಿದಳು. ಪರೀಕ್ಷೆ ಗೆದ್ದ ಉಮೇದಿನಲ್ಲಿ ನಾಚಿಕೆ ಮರೆತಿತ್ತೇನೋ.

“ಅಜ್ಜೀ, ನಿಮ್ಮ ಮಂಡಿ ನೊಪ್ಪಿ ತಗ್ಗಲಿ. ನೀವು ಚೆನ್ನಾಗಿ ಉಣ್ಣಲಿ. ನೀವು ವೈಜಾಗಿಗೆ ಬರಲಿ!”

ನೋವು ಎನ್ನಲು ತೆಲುಗಿನ ‘ನೊಪ್ಪಿ’ಯೇ ಬಾಯಿಗೆ ಬಂದಿತ್ತು. ಫೋನೆಂದರೆ ಕೂಗಿ ಮಾತಾಡುವ ವಸ್ತುವೆಂದು ನಂಬಿದ ಅವ್ವನ ದನಿ ನನಗೂ ಕೇಳುತ್ತಿತ್ತು. “ಯಾರು ಉಣ್ಣಲಿ ಅಂತೀಯವಾ? ಯಾರು ಬರಲಿ? ನಾ ಇಲ್ಲೇ ಕುಂತೀನಲ್ಲ!”

“ನೀವೇ ಅಜ್ಜಿ, ನೀವೇ ಬರಲಿ!”

ಅತ್ತಲಿಂದ ಅವ್ವ ನಗತೊಡಗಿದಳು. ಅಪೂರ್ವಳೂ ನಕ್ಕಳು. ಹಳಿಯ ಮೇಲೆ ನಮ್ಮ ರೈಲು ಕಾಣಿಸಿತು. ‘ನೀವು’ ಎಂದಾಗ ‘ಬನ್ನಿ’ ಅನ್ನಬೇಕು, ‘ಲಿ’ ಹತ್ತುವುದು ಎದುರಿಗಿಲ್ಲದವರಿಗೆ ಎಂದು ತಿದ್ದಲು ನಾನು ಬಾಯಿ ತೆರೆದೆ. ಅವಳು ಫೋನಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿ, “ಇರಲಿ ಬಿಡಮ್ಮಾ” ಎಂದಳು.

ಅಚ್ಚುಕಟ್ಟಾದ ಕನ್ನಡ. ತಿದ್ದಲು ಏನೂ ಇರಲಿಲ್ಲ. ಅವಳ ಚೀಲವನ್ನೂ ಹೆಗಲಿಗೇರಿಸಿಕೊಂಡು, ಫೋನಿನಲ್ಲಿ ಮಾತಾಡುತ್ತಲೇ ಬೋಗಿಯ ಕಡೆಗೆ ನಡೆದವಳ ಹಿಂದೆ ನಾನು ಹೊರಟೆ.