ಜಂಬವ್ವ ಕೂಡಿಸಿದ ಕೋಮಲ ಗಾಂಧಾರ

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಜಂಬವ್ವ ಹದಿನೆಂಟು ವರ್ಷ ದುಡಿದಳು. ಮೊದಲು ಪ್ಯಾಂಟಿನ ಜೇಬು ಹೊಲಿಯುವ ಕೆಲಸ. ಮಷಿನ್ನು ಕೆಟ್ಟಾಗಲೆಲ್ಲ ಮೆಕ್ಯಾನಿಕ್ಕು ಬೀಡಿ ಸೇದಿ ಬರುವಷ್ಟರಲ್ಲಿ ತಾನೇ ಬಿಚ್ಚಿ ಸರಿಮಾಡಿಬಿಡುತ್ತಿದ್ದಳು. ಬರಬರುತ್ತ ಆತನಿಗೆ ಬೀಡಿ ಸೇದುವುದೊಂದೇ ಕೆಲಸ ಉಳಿಯಿತು. ಈಗ ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳದೇ ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇದೆ. ವಯಸ್ಸು ನಲವತ್ತೊಂಬತ್ತು. ಮಷಿನ್ನು ತುಳಿದು ತೋರಿಸಿದರೆ ಸಾಕು, ಸದ್ದು ಕೇಳಿಯೇ ರೋಗ ಹೇಳುತ್ತಾಳೆ. ರೋಗ ಮಷಿನ್ನಿನದಲ್ಲ, ತುಳಿಯುವವರದು ಅನ್ನಿಸಿದರೆ ಅದನ್ನೂ ಮುಖದ ಮೇಲೆಯೇ ಹೇಳುತ್ತಾಳೆ.

ಕಳೆದ ವರ್ಷ ದೀಪಾವಳಿ ಮುಗಿದ ವಾರ, ಕಂಪ್ಲಿಯ ರೈಸ್ ಮಿಲ್ಲಿನ ಸಿದ್ದಲಿಂಗೇಶ್ ಲಗೇಜ್ ಆಟೊದಲ್ಲಿ ಒಂದು ವಿಚಿತ್ರ ಸಾಮಾನು ತಂದಿಳಿಸಿದ. ನಾಲ್ಕು ಕಾಲಿನ ಸಣ್ಣ ಮೇಜಿನಂಥದ್ದು. ಮೇಲೆ ಹತ್ತು ತಂತಿ, ನೆಲದ ಹತ್ತಿರ ಮೂರು ಪೆಡಲ್, ಕೂತವರ ಮೊಣಕಾಲಿಗೆ ತಾಗುವಂತೆ ನಾಲ್ಕು ಲಿವರ್.

"ಇದ್ರಾಗ ಸೂಜಿ ಎಲ್ಲೈತ್ರಿ ಸಾವ್ಕಾರ್ರ?" ಎಂದಳು ಜಂಬವ್ವ.

"ಇದು ಮಷಿನ್ ಅಲ್ಲವ್ವಾ. ಪೆಡಲ್ ಸ್ಟೀಲ್ ಗಿಟಾರ್."

ಹಂಪಿಯಲ್ಲಿ ನಾಲ್ಕು ಚಳಿಗಾಲ ಕಳೆದ ವಿದೇಶಿ ಮುದುಕನೊಬ್ಬ ಊರಿಗೆ ಹೊರಟಾಗ ಅದನ್ನು ಸಿದ್ದಲಿಂಗೇಶನಿಗೆ ಕೊಟ್ಟುಹೋಗಿದ್ದ. ಸಿದ್ದಲಿಂಗೇಶ್ ಕಾಲೇಜಿನ ದಿನಗಳಿಂದ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ವಚನ ನುಡಿಸುತ್ತಿದ್ದವನು. ಈ ಹೊಸ ವಾದ್ಯದಲ್ಲಿ ಭೈರವಿ ರಾಗ ಹಿಡಿದರೆ ಮಾತ್ರ ಅದು ಪರದೇಶದ ದನಕಾಯುವವರ ಹಾಡಾಗಿ ಹೊರಬರುತ್ತಿತ್ತು. ಬೆಂಗಳೂರಿನ ವಾದ್ಯ ರಿಪೇರಿಯವರಿಗೆ ಫೋನು ಮಾಡಿದರೆ, ಒಂದು ನಟ್ಟನ್ನೂ ಮುಟ್ಟಬೇಡಿ ಅಂದಿದ್ದರು.

"ಮುಟ್ಟಲಾರದ ರಿಪೇರಿ ಮಾಡಾಕ ನಾನೇನು ಮಂತ್ರ ಹಾಕ್ತೀನೇನ್ರಿ?" ಎಂದು ಜಂಬವ್ವ ಗೋಣಿಚೀಲ ಹಾಸಿ ವಾದ್ಯವನ್ನು ಬೋರಲು ಮಲಗಿಸಿದಳು.

ಹೊಟ್ಟೆಯ ಕೆಳಗೆಲ್ಲ ಕಡ್ಡಿ, ಸ್ಪ್ರಿಂಗು, ನಟ್ಟು. ಅವಳಿಗೆ ನಗು ಬಂತು. ಜೀನ್ಸ್ ಕಾರ್ಖಾನೆಯ ಮಷಿನ್ನಿಗೂ ಮೊಣಕಾಲಿನಿಂದ ತಳ್ಳುವ ಲಿವರ್ ಇರುತ್ತದೆ. ಅಲ್ಲಿ ಅದು ಬಟ್ಟೆ ಒತ್ತುವ ಪಾದವನ್ನು ಎತ್ತುತ್ತದೆ, ಇಲ್ಲಿ ತಂತಿಯನ್ನು ಬಿಗಿಯುತ್ತದೆ ಇಲ್ಲವೇ ಸಡಿಲಿಸುತ್ತದೆ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಎಷ್ಟು ಅನ್ನುವುದು ಕಡ್ಡಿಯ ತುದಿಯ ನಟ್ಟಿನ ಕೈಯಲ್ಲಿದೆ.

"ನಿಮಗೇನು ಬೇಕು, ಹಾಡಿ ತೋರಸ್ರಿ."

ರವಿಕೆ ಹೊಲಿಯುವ ಇಬ್ಬರು ಹೆಂಗಸರು ಮಷಿನ್ನಿಗಾಗಿ ಕಾಯುತ್ತಿದ್ದರು. ಅವರೆದುರು ಸಿದ್ದಲಿಂಗೇಶ್ ಸಂಕೋಚದಿಂದಲೇ ಹಾಡಿದ. ಗಾಂಧಾರದ ತಂತಿ ಪೆಡಲ್ ತುಳಿದರೆ ಮಧ್ಯಮಕ್ಕೆ ಏರುತ್ತಿತ್ತು. ಭೈರವಿಗೆ ಬೇಕಾದ ಕೋಮಲ ಗಾಂಧಾರಕ್ಕೆ, ಅಂದರೆ ಅರ್ಧ ಸ್ವರ ಕೆಳಕ್ಕೆ, ಇಳಿಯುವ ದಾರಿಯೇ ಇರಲಿಲ್ಲ. ಪಂಚಮವೋ, ಒಂದೇ ನೆಗೆತಕ್ಕೆ ಶುದ್ಧ ಧೈವತಕ್ಕೆ ಹಾರುತ್ತಿತ್ತು. ನಡುವಿನ ಕೋಮಲ ಧೈವತ ಅದರ ಕಾಲ್ತುಳಿತಕ್ಕೆ ಸಿಕ್ಕು ಸಾಯುತ್ತಿತ್ತು.

ನುಡಿಸಿ ತೋರಿಸಲು ಅವನು ಕೂತಾಗ ಜಂಬವ್ವನಿಗೆ ಮೂರನೆಯ ರೋಗವೂ ಕಂಡಿತು. ಮಿಲ್ಲಿನ ಮಾಲೀಕನ ತೊಡೆಗಳು ಅನ್ನಕ್ಕೆ ಕೊರತೆ ಕಂಡವಲ್ಲ. ಸುಮ್ಮನೆ ಕೂತರೇ ಎರಡು ಲಿವರ್ ತಾವಾಗಿ ಒತ್ತಿಕೊಳ್ಳುತ್ತಿದ್ದವು.

"ತೊಡಿ ಸಣ್ಣ ಮಾಡ್ಕೊಂತೀರೋ, ಲಿವರ್ ಸರಸ್ಲೋ?"

"ಲಿವರ್ ಸರಸು," ಎಂದ ಅವನು, ಹೆಂಗಸರ ಕಡೆ ನೋಡದೆ.

ಮೂರು ವಾರ ಹಿಡಿಯಿತು. ಲಿವರ್‌ಗಳನ್ನು ಅಗಲಿಸಿದಳು. ಪಂಚಮದ ಪೆಡಲ್ಲಿಗೆ ಒಂದು ಹೆಚ್ಚಿನ ಸ್ಪ್ರಿಂಗ್ ಕೂಡಿಸಿ, ಅರ್ಧ ದಾರಿಯಲ್ಲಿ ಪಾದಕ್ಕೆ ತಡೆ ಸಿಗುವಂತೆ ಮಾಡಿದಳು. ತಡೆ ಸಿಕ್ಕಲ್ಲಿ ನಿಂತರೆ ಕೋಮಲ ಧೈವತ, ಇನ್ನೂ ಒತ್ತಿದರೆ ಶುದ್ಧ. ಅವನು ಎಂದೂ ಬಳಸದ ಲಿವರ್ ಒಂದನ್ನು ಗಾಂಧಾರ ಇಳಿಸುವುದಕ್ಕೆ ಹಚ್ಚಿದಳು. ಅದಕ್ಕೆ ಕಡ್ಡಿ ಬೇಕಲ್ಲ? ಸೈಕಲ್ ಚಕ್ರದ ಕಡ್ಡಿ ಹಾಕಿದಳು. ಸ್ವರ ಚೆನ್ನಾಗಿಯೇ ಇಳಿಯಿತು, ಆದರೆ ಲಿವರ್ ಬಿಟ್ಟರೆ ವಾಪಸು ಪೂರ್ತಿ ಏರಲು ಸೋಮಾರಿತನ. ಹಳೆಯ ಓವರ್‌ಲಾಕ್ ಮಷಿನ್ನಿನ ಸ್ಪ್ರಿಂಗ್ ಬಿಗಿದ ಮೇಲೆ ಅದಕ್ಕೆ ಬುದ್ಧಿ ಬಂತು.

ಮೊದಲ ಪರೀಕ್ಷೆ ಯಶವಂತನಗರದಲ್ಲಿ. ಸಿದ್ದಲಿಂಗೇಶನ ಹೆಂಡತಿ ಶೈಲಶ್ರೀಯ ಅಣ್ಣ ಗಣಿ ಕಂಪನಿಯಿಂದ ನಿವೃತ್ತನಾಗುತ್ತಿದ್ದ. ಆ ಸಮಾರಂಭದಲ್ಲಿ ವಚನ ಸಂಗೀತ. ವಾದ್ಯ ಕೈಕೊಟ್ಟರೆ ಇರಲೆಂದು ಜಂಬವ್ವನೂ ಹೋದಳು. "ಪ್ಯಾಂಟ್ ಹಾಕ್ಕೊಂಡು ಬರ್ರಿ, ಪಂಚಿ ಬ್ಯಾಡ" ಎಂದು ಜಂಬವ್ವ ಮೊದಲೇ ಹೇಳಿದ್ದಳು. ಅವನು ಗರಿಗರಿ ಜರಿಪಂಚೆಯಲ್ಲೇ ಬಂದ. ವಚನಕ್ಕೆ ಪ್ಯಾಂಟು ಶೋಭಿಸುವುದಿಲ್ಲವಂತೆ.

ಮೊದಲನೆಯ ವಚನ ಚೆನ್ನಾಗಿ ನಡೆಯಿತು. ಎರಡನೆಯದರ ನಡುವೆ ಪಂಚೆಯ ಅಂಚು ಲಿವರ್ರಿಗೆ ಸಿಕ್ಕಿತು. ಅವನು ಕಾಲು ಜಗ್ಗಿದ. ಪಂಚೆ ಉಳಿಯಿತು, ಸೈಕಲ್ ಕಡ್ಡಿ ಕಳಚಿಬಿತ್ತು.

ವಾದ್ಯದ ಮುಂದೆ ಶೋಭೆಗೆಂದು ನೆಲದವರೆಗೆ ಬಟ್ಟೆ ಇಳಿಬಿಟ್ಟಿದ್ದರು. ಜಂಬವ್ವ ಪಕ್ಕದಿಂದ ಬಗ್ಗಿ ಒಳಗೆ ನುಸುಳಿದಳು. ಕಡ್ಡಿ ಮತ್ತೆ ಸಿಕ್ಕಿಸಲು ಪುರುಸೊತ್ತಿರಲಿಲ್ಲ. ತುದಿಯನ್ನು ಇಕ್ಕಳದಲ್ಲಿ ಹಿಡಿದು ಕೂತಳು. ಗಾಂಧಾರ ಎಲ್ಲಿ ಇಳಿಯಬೇಕೋ ಅಲ್ಲಿ ಎಳೆದಳು, ಏರಬೇಕಾದಲ್ಲಿ ಬಿಟ್ಟಳು. ಮೂರು ವಾರ ಅದನ್ನೇ ಕೇಳಿ ಕೇಳಿ ಅವಳಿಗೆ ಆ ವಚನ ಬಾಯಿಪಾಠವಾಗಿತ್ತು. ಮೊದಮೊದಲು ಅವನ ಮೀಟು ಕೇಳಿ ಎಳೆಯುತ್ತಿದ್ದವಳು, ಆಮೇಲೆ ಅವನು ಮೊಣಕಾಲಿನಿಂದ ಎಳೆಯುತ್ತಿದ್ದುದಕ್ಕಿಂತ ಮೆಲ್ಲಗೆ, ಒಂದು ಗಳಿಗೆ ತಡೆದು ಎಳೆದಳು. ಮೇಲಿನ ಕೈಗೆ ಅದು ಗೊತ್ತಾಯಿತು. ಅದೂ ನಿಧಾನವಾಗಿ ಇವಳ ಹಿಂದೆಯೇ ಬಂತು. ಸಭೆಯಲ್ಲಿ ಉಪ್ಪಿಟ್ಟಿನ ತಟ್ಟೆಗಳ ಸದ್ದು ನಿಂತಿತು.

ಚಪ್ಪಾಳೆ ಮುಗಿದ ಮೇಲೆ ಶೈಲಶ್ರೀಯ ಅಣ್ಣ ಎದ್ದು, "ನಮ್ಮ ಭಾವನ ಕಾಲು ಭಾಳ ಪಳಗ್ಯಾವ" ಎಂದ.

ಸಿದ್ದಲಿಂಗೇಶ್ ಹೂಂ ಅಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಬಟ್ಟೆ ಎತ್ತಿ ಹಿಡಿದು, ಮೈಕಿನಲ್ಲಿ, "ಕಾಲು ನಂದಲ್ರಿ. ಕೈ ಜಂಬವ್ವಂದು" ಎಂದ. ಇಕ್ಕಳ ಹಿಡಿದು ಕೂತಿದ್ದ ಜಂಬವ್ವ ಸಭೆಯನ್ನು ನೋಡಿದಳು. "ಒಂದೀಟು ಚಾ ಕೊಡ್ರಿ, ಸೊಂಟ ಹಿಡದೈತಿ" ಅಂದಳು.

ಆಮೇಲೆ ವಾದ್ಯ ಕಂಪ್ಲಿಗಿಂತ ಅವಳ ಅಂಗಡಿಯಲ್ಲೇ ಹೆಚ್ಚು ದಿನ ಇರತೊಡಗಿತು. ಗಿರಾಕಿ ಇಲ್ಲದಾಗ ಅವಳು ಅದರ ಮುಂದೆ ಕೂರುತ್ತಿದ್ದಳು. ತಂತಿಯ ಮೇಲೆ ಉಕ್ಕು ಜಾರಿಸುವುದು ಕೈಗೆ ಹತ್ತಲಿಲ್ಲ. ಬರಿ ತಂತಿ ಮೀಟಿ, ಕಾಲು ಮೊಣಕಾಲುಗಳಲ್ಲೇ ಸ್ವರ ಏರಿಸಿ ಇಳಿಸಿ, ಅವ್ವ ಹಾಡುತ್ತಿದ್ದ ಸೋಬಾನೆಯ ಧಾಟಿ ಹುಡುಕಿದಳು. ಅದಕ್ಕೆಂದು ನಾಲ್ಕನೆಯ ಪೆಡಲ್ ಒಂದನ್ನು ಕೂಡಿಸಿದಳು. ಅದು ಗಾಂಧಾರವನ್ನು ಕೋಮಲಕ್ಕೂ ಇಳಿಸದೆ ಶುದ್ಧದಲ್ಲೂ ಇಡದೆ ನಡುವೆ ನಿಲ್ಲಿಸುತ್ತಿತ್ತು.

"ಇದು ಯಾವ ಸ್ವರಕ್ಕೂ ಸೇರಂಗಿಲ್ಲ ಜಂಬವ್ವಾ," ಎಂದ ಸಿದ್ದಲಿಂಗೇಶ್.

"ನಮ್ಮವ್ವ ಹಿಂಗ ಹಾಡ್ತಿದ್ಲು. ನಿಮಗ ಹಿಡಿಸ್ಲಿಲ್ಲಂದ್ರ ಅದನ್ನ ತುಳೀಬ್ಯಾಡ್ರಿ."

ಈ ಬೇಸಿಗೆಯಲ್ಲಿ ಗಾದಿಗನೂರಿನ ಮದುವೆಯೊಂದಕ್ಕೆ ಇಬ್ಬರೂ ಹೋದರು. ಸಿದ್ದಲಿಂಗೇಶ್ ಎರಡು ವಚನ ನುಡಿಸಿ ಎದ್ದ ಮೇಲೆ ಜಂಬವ್ವ ಸೆರಗು ಸಿಕ್ಕಿಸಿ ಕೂತಳು. ನಾಲ್ಕನೆಯ ಪೆಡಲ್ ತುಳಿದು ಎರಡು ಸಾಲು ಮುಗಿಸುವುದರೊಳಗೆ ಮುಂದೆ ಕೂತ ಮುದುಕಿಯರು ಸೋಬಾನೆ ಎತ್ತಿಕೊಂಡರು, ಒಬ್ಬೊಬ್ಬರದು ಒಂದೊಂದು ಶ್ರುತಿ. ಇನ್ನು ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಸಿದ್ದಲಿಂಗೇಶ್ ಚಪ್ಪರದ ಹಿಂದೆ ಹೋಗಿ ಮಂಡಕ್ಕಿ ಮಿರ್ಚಿಗೆ ಕೂತ.